ಸೋತವನ ತಲೆಗೆ ಗೆದ್ದವನ ಬಿಲ್ಲು

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಮ್ಮ ಹಿರಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು, ಕೈ ಸುಟ್ಟುಕೊಂಡು ಕಟ್ಟಿದ ಗಾದೆಯಿದು. ಆದರೆ ಇತ್ತೀಚೆಗೆ ಕೆಲವು ವಿದ್ಯಾವಂತರು ಈ ಗಾದೆಯ ಉತ್ತರಾರ್ಧವನ್ನೇ ಕಾನೂನಾಗಿ ಮಾಡಬೇಕೆಂದು ಹೊರಟಿರುವಂತೆ ಕಾಣುತ್ತದೆ. ‘ಸೋತವನು ಗೆದ್ದವನ ವಕೀಲರ ಫೀಸನ್ನೆಲ್ಲ, ಕೊನೆಯ ರೂಪಾಯಿಯವರೆಗೂ ತೆರಬೇಕು. ಆಗ ಮಾತ್ರ ಈ ದೇಶದಲ್ಲಿ ಸುಳ್ಳು ದಾವೆಗಳು ನಿಲ್ಲುತ್ತವೆ’ ಎಂಬುದು ಅವರ ವಾದ. ಕೇಳಲು ಇಂಪಾಗಿದೆ. ಮೊನ್ನೆ ಮೊನ್ನೆಯವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಹಾಗೇಕೆ ಅನ್ನಿಸುತ್ತಿಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ಒಂದು ಹಳೆಯ ಕಾಗದದ ವಿಚಾರ. ನಮ್ಮ ತಂದೆಯವರ ಟ್ರಂಕಿನಲ್ಲಿ, ಕಂದಾಯದ ರಸೀದಿಗಳ ನಡುವೆ, 1962ರ ಒಂದು ಡಿಕ್ರಿಯ ನಕಲು ಇದೆ. ನಮ್ಮ ಗದ್ದೆಗೆ ಹೋಗುವ ಬದುವಿನ ದಾರಿಯನ್ನು ಪಕ್ಕದ ಹಿಡುವಳಿದಾರರು ಬೇಲಿ ಹಾಕಿ ಮುಚ್ಚಿದ್ದರು. ತಂದೆಯವರು ತಾಲ್ಲೂಕಿನ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿ, ಮೂರು ವರ್ಷ ಅಲೆದು, ಗೆದ್ದರು. ಆ ಡಿಕ್ರಿಯ ಕೊನೆಯಲ್ಲಿ, ಅಚ್ಚಾದ ಫಾರಂನ ಕೆಳಭಾಗದಲ್ಲಿ, ಖರ್ಚಿನ ಪಟ್ಟಿಯೊಂದಿದೆ. ಎಡಗಡೆ ವಾದಿಯ ಖರ್ಚು, ಬಲಗಡೆ ಪ್ರತಿವಾದಿಯ ಖರ್ಚು. ದಾವಾ ಅರ್ಜಿಯ ಸ್ಟಾಂಪು 18 ರೂಪಾಯಿ 50 ನಯೇಪೈಸೆ. ವಕಾಲತ್ತಿನ ಸ್ಟಾಂಪು 1 ರೂಪಾಯಿ. ದಾಖಲೆಗಳ ಸ್ಟಾಂಪು 90 ನಯೇಪೈಸೆ. ವಕೀಲರ ಫೀಸು 25 ರೂಪಾಯಿ. ಸಾಕ್ಷಿಗಳ ಬತ್ತೆ 6 ರೂಪಾಯಿ. ಕಮಿಷನರ ಫೀಸು 8 ರೂಪಾಯಿ. ಸಮನ್ಸು ಜಾರಿಗೆ 3 ರೂಪಾಯಿ. ಒಟ್ಟು 62 ರೂಪಾಯಿ 40 ನಯೇಪೈಸೆ. ಗುಮಾಸ್ತರ ಮುದ್ದಾದ ಕೈಬರಹ. ಮಸಿ ಕಂದು ಬಣ್ಣಕ್ಕೆ ತಿರುಗಿದೆ.

ತಂದೆಯವರಿಗೆ ನಿಜವಾಗಿ ಆದ ಖರ್ಚು ಇದರ ಐದಾರು ಪಟ್ಟು ಎಂದು ತಾಯಿ ಹೇಳುತ್ತಿದ್ದರು. ಒಂದು ಜೊತೆ ಓಲೆ ಆ ವ್ಯಾಜ್ಯದಲ್ಲಿ ಕರಗಿತ್ತಂತೆ. ಆದ್ದರಿಂದ ಗೆದ್ದವನಿಗೂ ನಷ್ಟವಾಗುತ್ತದೆ ಎಂಬ ಮಾತನ್ನು ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಆ ಪಟ್ಟಿಯಲ್ಲಿ ಒಂದು ಗುಣವಿತ್ತು. ಬೇಲಿ ಹಾಕಿದವರು ಆ ಪಟ್ಟಿಯನ್ನು ಓದಬಹುದಾಗಿತ್ತು. ಪ್ರತಿಯೊಂದು ಬಾಬ್ತು ಏತಕ್ಕೆ, ಎಷ್ಟು ಎಂಬುದು ಅವರಿಗೆ ತಿಳಿಯುತ್ತಿತ್ತು. ಅವರು ಆ ಹಣವನ್ನು ಎರಡು ಕಂತಿನಲ್ಲಿ ಕೊಟ್ಟರು. ಸೋತರು, ಆದರೆ ಸಾಯಲಿಲ್ಲ. ಮರುವರ್ಷ ನಮ್ಮ ಅಕ್ಕನ ಮದುವೆಗೆ ಬಂದು ಉಂಡು ಹೋದರು.

ಇನ್ನು ಈಚಿನ ಪ್ರಸಂಗ. ನನ್ನ ಸಹೋದ್ಯೋಗಿಯೊಬ್ಬರು, ಗಣಿತದ ಮೇಷ್ಟ್ರು, ನಿವೃತ್ತರಾದ ಮೇಲೆ ಪಟ್ಟಣವೊಂದರಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಮನೆಗೆ ಹೋಗಲು ಎಂಟು ಅಡಿಯ ಓಣಿ. ಪಕ್ಕದಲ್ಲಿ ದೊಡ್ಡ ವಾಣಿಜ್ಯ ಕಟ್ಟಡವೊಂದು ಎದ್ದಿತು. ಎದ್ದವರು ಓಣಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿ, ಒಳಗೆ ಜನರೇಟರ್ ಇಟ್ಟರು. ಮೇಷ್ಟ್ರ ಬಳಿ ಕ್ರಯಪತ್ರವಿತ್ತು, ನಕ್ಷೆಯಿತ್ತು. ಸ್ಥಳೀಯ ವಕೀಲರೊಬ್ಬರನ್ನು ಹಿಡಿದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಎದುರು ಪಕ್ಷದವರು ರಾಜಧಾನಿಯಿಂದ ಹಿರಿಯ ವಕೀಲರನ್ನು ಕರೆತಂದರು. ಎರಡನೆಯ ವರ್ಷದಲ್ಲಿ ಮೇಷ್ಟ್ರ ಮನೆಗೆ ಒಂದು ರಿಜಿಸ್ಟರ್ಡ್ ಪತ್ರ ಬಂತು. ‘ಈವರೆಗೆ ನಮ್ಮ ಕಕ್ಷಿದಾರರಿಗೆ ವಕೀಲರ ಫೀಸಿನ ಬಾಬ್ತು 12 ಲಕ್ಷ ರೂಪಾಯಿ ವೆಚ್ಚವಾಗಿದೆ. ತಾವು ಸೋತಲ್ಲಿ ಈ ಮೊತ್ತವನ್ನೂ, ಮುಂದೆ ಆಗಲಿರುವ ಮೊತ್ತವನ್ನೂ ತಮ್ಮಿಂದಲೇ, ಅಗತ್ಯಬಿದ್ದರೆ ತಮ್ಮ ಮನೆಯನ್ನು ಜಪ್ತಿ ಮಾಡಿಸಿ, ವಸೂಲು ಮಾಡಲಾಗುವುದು’ ಎಂಬುದು ಅದರ ಸಾರಾಂಶ.

ಗಣಿತದ ಮೇಷ್ಟ್ರಲ್ಲವೇ, ಆ ಪತ್ರದ ಹಿಂಬದಿಯಲ್ಲಿಯೇ ಪೆನ್ಸಿಲಿನಿಂದ ಲೆಕ್ಕ ಹಾಕಿದರು. ಅವರ ಪಿಂಚಣಿ ತಿಂಗಳಿಗೆ 28,000 ರೂಪಾಯಿ. ಹನ್ನೆರಡು ಲಕ್ಷವೆಂದರೆ ಸುಮಾರು 43 ತಿಂಗಳ ಪಿಂಚಣಿ. ‘ಮೂರೂವರೆ ವರ್ಷ ನಾನೂ ನನ್ನ ಹೆಂಡತಿಯೂ ಊಟ, ಔಷಧಿ ಬಿಡಬೇಕು ಸ್ವಾಮೀ’ ಎಂದರು ಫೋನಿನಲ್ಲಿ. ಮುಂದಿನ ವಾಯಿದೆಗೆ ಹೋಗಿ ದಾವೆಯನ್ನು ಹಿಂತೆಗೆದುಕೊಂಡರು. ನನಗೆ ಸುದ್ದಿ ತಿಳಿದದ್ದು ಆಮೇಲೆ.

ನೋಡಿ, ಇಲ್ಲಿ ಯಾವ ನ್ಯಾಯಾಧೀಶರೂ ಅವರ ವಿರುದ್ಧ ತೀರ್ಪು ಕೊಡಲಿಲ್ಲ. ಯಾವ ಸಾಕ್ಷಿಯೂ ಅವರ ಕ್ರಯಪತ್ರ ಸುಳ್ಳೆಂದು ಹೇಳಲಿಲ್ಲ. ಖರ್ಚಿನ ಭಯವೊಂದೇ ವಾದಿಸಿತು, ಅದೇ ತೀರ್ಪನ್ನೂ ಕೊಟ್ಟಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತಾರಲ್ಲ, ಅದನ್ನು ಬಿಡುವ ಶ್ರಮವೂ ಬೇಕಾಗಲಿಲ್ಲ. ತೋರಿಸಿದ್ದೇ ಸಾಕಾಯಿತು.

ಆ ಪತ್ರದ ಬೆದರಿಕೆಗೆ ಕಾನೂನಿನ ಆಧಾರವಿದೆಯೇ ಎಂದು ತಿಳಿಯಲು ನಾನು ಕೆಲವು ತೀರ್ಪುಗಳನ್ನು ಹುಡುಕಿ ಓದಿದೆ. ನಾನು ಕಾನೂನು ಓದಿದವನಲ್ಲ. ಮೂವತ್ತಾರು ವರ್ಷ ಪಾಠ ಹೇಳಿದವನು. ಆದರೆ ಕಾಗದವೊಂದನ್ನು ಅದರಲ್ಲಿ ಇರುವಂತೆಯೇ ಓದುವುದು ನನ್ನ ಕಸುಬಿನ ಭಾಗವಾಗಿತ್ತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಖರ್ಚನ್ನು ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ಸಂಗತಿ. ಸಾಮಾನ್ಯವಾಗಿ ಸೋತವನು ಕೊಡುತ್ತಾನೆ. ಹಾಗಲ್ಲವೆಂದು ಆದೇಶಿಸುವುದಾದರೆ ನ್ಯಾಯಾಧೀಶರು ಕಾರಣವನ್ನು ಬರೆಯಬೇಕು. ಸುಳ್ಳೆಂದು ಗೊತ್ತಿದ್ದೂ ದಾವೆ ಹೂಡಿದವನ ಮೇಲೆ ಪ್ರತ್ಯೇಕವಾಗಿ ಪರಿಹಾರದ ಖರ್ಚು ಹೇರಲು 35ಎ ಕಲಂ ಇದೆ. 1976ರ ತಿದ್ದುಪಡಿಯು ಅದಕ್ಕೆ 3,000 ರೂಪಾಯಿಯ ಮಿತಿಯನ್ನು ಇಟ್ಟಿತು. ಇಂದಿನ ಕಾಲಕ್ಕೆ ಇದು ಹಾಸ್ಯಾಸ್ಪದ ಮೊತ್ತವೆಂಬುದನ್ನು ಒಪ್ಪುತ್ತೇನೆ.

2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಗಮನಿಸಿ, ಗೆದ್ದವನಿಗೆ ಸಿಗುವ ಖರ್ಚು ನಾಮಮಾತ್ರದ್ದಾಗಿರಬಾರದು, ಅವನ ವಾಸ್ತವಿಕವಾದ ಮತ್ತು ಸಮಂಜಸವಾದ ಖರ್ಚಾಗಿರಬೇಕು ಎಂದು ಹೇಳಿತು. ಓದುಗ ಮಿತ್ರರೇ, ಇಲ್ಲಿ ಎರಡು ಪದಗಳಿವೆ. ವಾಸ್ತವಿಕ, ಸಮಂಜಸ. ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಯನ್ನು ಓದಿ ಉತ್ತರ ಬರೆಯುವ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ‘ಸೋತವನೇ ಎಲ್ಲವನ್ನೂ ತೆರಲಿ’ ಎನ್ನುವವರು ಮೊದಲನೆಯ ಪದವನ್ನು ಓದಿ ಎರಡನೆಯದನ್ನು ನುಂಗಿದ್ದಾರೆ.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ದೆಹಲಿಯ ಎರಡು ಪ್ರಕರಣಗಳನ್ನು ನೋಡಬೇಕು. ಮೊದಲನೆಯದು, ಕರಾರೊಂದನ್ನು ಜಾರಿ ಮಾಡಿಸಬೇಕೆಂದು ಒಬ್ಬರು ಹೂಡಿದ ದಾವೆ. ದಾವೆ ವಿಚಾರಣೆಗೆ ಬರುವ ಮೊದಲೇ, ‘ನೀವು ಸೋತರೆ ಎದುರು ಪಕ್ಷಕ್ಕೆ 25 ಲಕ್ಷ ರೂಪಾಯಿ ಕೊಡುವುದಾಗಿ ಮುಚ್ಚಳಿಕೆ ಬರೆದುಕೊಡಿ’ ಎಂದು ಉಚ್ಚ ನ್ಯಾಯಾಲಯ ಕೇಳಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಸುಳ್ಳು ದಾವೆಯನ್ನು ತಡೆಯುವುದು ಖರ್ಚಿನ ಉದ್ದೇಶಗಳಲ್ಲಿ ಒಂದು ನಿಜ, ಆದರೆ ಪ್ರಾಮಾಣಿಕ ಹಕ್ಕುದಾರನಿಗೆ ಅದು ನ್ಯಾಯಾಲಯದ ಬಾಗಿಲಿಗೆ ಅಡ್ಡವಾಗಕೂಡದು ಎಂಬುದು ಆ ತೀರ್ಪಿನ ಸಾರ.

ಎರಡನೆಯದು ಇನ್ನೂ ನೇರವಾದದ್ದು. ಒಬ್ಬ ವ್ಯಕ್ತಿಗೂ ಒಂದು ಧರ್ಮಾರ್ಥ ಟ್ರಸ್ಟಿಗೂ ನಡೆದ ವ್ಯಾಜ್ಯ. ಒಂದು ಮೇಲ್ಮನವಿಯ ಹಂತದಲ್ಲಿ ಆ ವ್ಯಕ್ತಿ ಸೋತರು. ಆ ಒಂದೇ ಹಂತಕ್ಕೆ ಎದುರು ಪಕ್ಷದವರು ತಮ್ಮ ವಕೀಲರಿಗೆ ಕೊಟ್ಟೆವೆಂದು ಲೆಕ್ಕ ತೋರಿಸಿದ 45,28,000 ರೂಪಾಯಿಯನ್ನು ಸೋತವರೇ ತೆರಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಿತು. ಆಧಾರ? ‘ವಾಸ್ತವಿಕ ಖರ್ಚು’ ಎಂಬ 2005ರ ಮಾತು!

2011ರ ಅಕ್ಟೋಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ಅಲ್ಲಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ದುಬಾರಿ ವಕೀಲರ ದಂಡನ್ನೇ ನೇಮಿಸಿಕೊಳ್ಳುವ ಐಷಾರಾಮವುಳ್ಳವರ ಮನಸೋ ಇಚ್ಛೆಯ ಖರ್ಚು ‘ವಾಸ್ತವಿಕ ಖರ್ಚು’ ಎನಿಸದು. ಉಚ್ಚ ನ್ಯಾಯಾಲಯದ ತರ್ಕವನ್ನು ಒಪ್ಪಿದರೆ, ಸೋತವನು ವ್ಯಾಜ್ಯದ ವಿಷಯಕ್ಕೆ ತಕ್ಕಂತೆ ಅಲ್ಲ, ಎದುರಾಳಿಯ ಜೇಬಿಗೆ ತಕ್ಕಂತೆ ಖರ್ಚು ತೆರಬೇಕಾಗುತ್ತದೆ. 45 ಲಕ್ಷದ ಜಾಗದಲ್ಲಿ ಸೋತವರು ಕೊಡಬೇಕಾಗಿ ಬಂದದ್ದು ನಿಯಮಗಳ ಪ್ರಕಾರದ ಖರ್ಚು ಮತ್ತು ಅದರ ಮೇಲೆ 3,000 ರೂಪಾಯಿ. ಅದೇ ತೀರ್ಪಿನಲ್ಲಿ, ಈಗಿರುವ ಖರ್ಚಿನ ದರಗಳು ತೀರ ಕಡಿಮೆಯಾಗಿವೆ, ಅವನ್ನು ಪರಿಷ್ಕರಿಸಬೇಕು ಎಂದೂ ಅವರು ಹೇಳಿದರು. 2012ರಲ್ಲಿ ಕಾನೂನು ಆಯೋಗವು ತನ್ನ 240ನೇ ವರದಿಯನ್ನು ಈ ವಿಷಯಕ್ಕೇ ಮೀಸಲಿಟ್ಟಿತು.

ಜೇಬಿನ ಆ ಮಾತನ್ನು ಇನ್ನೊಮ್ಮೆ ಯೋಚಿಸಬೇಕು. ನನ್ನ ದನ ನೆರೆಯವನ ಪೈರಿಗೆ ನುಗ್ಗಿ ಮೇಯ್ದರೆ ಮೇಯ್ದ ಪೈರಿಗೆ ನಾನು ದಂಡ ಕೊಡಬೇಕು. ಆ ನಷ್ಟವನ್ನು ನೋಡಲು ಆತ ಬೆಂಗಳೂರಿನಿಂದ ವಿಮಾನದಲ್ಲಿ ತಜ್ಞರನ್ನು ಕರೆಸಿ, ಅವರನ್ನು ಪಂಚತಾರಾ ಹೋಟೆಲಿನಲ್ಲಿ ಇಳಿಸಿದರೆ ಆ ಬಿಲ್ಲನ್ನೂ ನಾನು ಕೊಡಬೇಕೆ? ಆತನಿಗೂ ಆತನ ವಕೀಲರಿಗೂ ನಡುವೆ ಆದ ಫೀಸಿನ ಒಪ್ಪಂದ ಅವರಿಬ್ಬರದು. ಆತ ಸಂತೋಷದಿಂದ ಕೊಡಲಿ, ಅವರು ಸಂತೋಷದಿಂದ ತೆಗೆದುಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಆ ಒಪ್ಪಂದಕ್ಕೆ ನಾನು ಸಹಿ ಹಾಕಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟೆವು. ಇನ್ನೊಬ್ಬರ ಹಾಸಿಗೆಯ ಮೇಲೆ ಎಷ್ಟು ಬೇಕಾದರೂ ಕಾಲು ಚಾಚಬಹುದು ಎಂದು ಹೇಳಿಕೊಟ್ಟ ನೆನಪು ನನಗಿಲ್ಲ.

ಇಷ್ಟು ಹೇಳಿದರೆ ಎದುರಿನವರು ಇಂಗ್ಲೆಂಡಿನತ್ತ ಕೈ ತೋರಿಸುತ್ತಾರೆ. ‘ಅಲ್ಲಿ ನೋಡಿ, ಸೋತವನೇ ಕೊಡುತ್ತಾನೆ. ಅದಕ್ಕೇ ಅಲ್ಲಿ ಶಿಸ್ತಿದೆ’ ಎನ್ನುತ್ತಾರೆ. ಸರಿ, ನೋಡೋಣ.

2001ರ ಫೆಬ್ರುವರಿಯಲ್ಲಿ ಲಂಡನ್ನಿನ ಮಿರರ್ ಪತ್ರಿಕೆಯು ನವೋಮಿ ಕ್ಯಾಂಪ್‌ಬೆಲ್ ಎಂಬ ಪ್ರಸಿದ್ಧ ರೂಪದರ್ಶಿ ಮಾದಕವಸ್ತುವಿನ ಚಟಕ್ಕೆ ಚಿಕಿತ್ಸೆ ಪಡೆಯುತ್ತಿರುವುದನ್ನು ಚಿತ್ರ ಸಹಿತ ಪ್ರಕಟಿಸಿತು. ಆಕೆ ಖಾಸಗಿತನದ ಹಕ್ಕಿಗಾಗಿ ದಾವೆ ಹೂಡಿದರು. ಮೊದಲ ನ್ಯಾಯಾಲಯದಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. 2004ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಮತದಿಂದ ಪುನಃ ಗೆದ್ದರು. ಆಕೆಗೆ ಸಿಕ್ಕ ಪರಿಹಾರ 3,500 ಪೌಂಡು. ಆಕೆಯ ವಕೀಲರು ಸೋತ ಪತ್ರಿಕೆಯ ಮುಂದಿಟ್ಟ ಬಿಲ್ಲು 10,86,295 ಪೌಂಡು. ಪರಿಹಾರದ 310 ಪಟ್ಟು! ಎರಡು ದಿನ ನಡೆದ ಕೊನೆಯ ಮೇಲ್ಮನವಿಯೊಂದಕ್ಕೇ 5,94,470 ಪೌಂಡು ಕೇಳಲಾಗಿತ್ತು. ಅದರೊಳಗೆ ಸುಮಾರು 2,80,000 ಪೌಂಡು ‘ಯಶಸ್ಸಿನ ಶುಲ್ಕ’. ಅಂದರೆ, ಗೆದ್ದರೆ ಮಾತ್ರ ಫೀಸು ಎಂಬ ಕರಾರಿನ ಮೇಲೆ ವಕೀಲರು ದುಡಿದದ್ದಕ್ಕಾಗಿ ಮೂಲ ಫೀಸಿನ ಮೇಲೆ ಹಾಕಿದ ಹೆಚ್ಚುವರಿ. ವಕೀಲರು ಹೊತ್ತ ಅಪಾಯಕ್ಕೆ ಸಂಭಾವನೆಯನ್ನು ಕೊಡಬೇಕಾದವನು ಅವರ ಎದುರಾಳಿ!

ಆಕೆಯ ಗೆಲುವು ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ರೋಗಿಯ ಚಿಕಿತ್ಸೆ ಸಂತೆಯ ಸರಕಲ್ಲ. ಆದರೆ ಗೆಲುವು ನ್ಯಾಯವಾದುದರಿಂದ ಬಿಲ್ಲೂ ನ್ಯಾಯವಾಗಿಬಿಡುವುದಿಲ್ಲ. ಪತ್ರಿಕೆಯವರು ಆ ಹೆಚ್ಚುವರಿಯನ್ನು ಪ್ರಶ್ನಿಸಿದರು. 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಅವರು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ಐರೋಪ್ಯ ನ್ಯಾಯಾಲಯಕ್ಕೆ ಹೋದರು. 2011ರ ಜನವರಿ 18ರಂದು ಆ ನ್ಯಾಯಾಲಯವು ಎರಡು ಮಾತು ಹೇಳಿತು: ಖಾಸಗಿತನದ ವಿಷಯದಲ್ಲಿ ಪತ್ರಿಕೆ ಸೋತದ್ದು ಸರಿ, ಆದರೆ ಇಂಥ ಹೆಚ್ಚುವರಿ ಶುಲ್ಕವನ್ನು ಅದರ ಮೇಲೆ ಹೇರಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ. ಸೋತವನೂ ಬಿಲ್ಲನ್ನು ಪ್ರಶ್ನಿಸಿ ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಸಿಕ್ಕಿಲ್ಲ. ಹಣವಂತ ಪತ್ರಿಕಾ ಸಂಸ್ಥೆಯೇ ಇಷ್ಟು ದೂರ ಹೋಗಬೇಕಾಯಿತೆಂದರೆ ನಮ್ಮ ಗಣಿತದ ಮೇಷ್ಟ್ರ ಗತಿಯೇನು?

ಇಂಗ್ಲೆಂಡು ಅಲ್ಲಿಗೇ ನಿಲ್ಲಲಿಲ್ಲ. ವ್ಯಾಜ್ಯದ ಖರ್ಚು ಕೈಮೀರಿದೆಯೆಂದು ತಿಳಿದೇ ನ್ಯಾಯಮೂರ್ತಿ ಜಾಕ್ಸನ್ ಅವರಿಂದ ವಿಚಾರಣೆ ಮಾಡಿಸಿತು. ಅವರ ಅಂತಿಮ ವರದಿ 2010ರ ಜನವರಿಯಲ್ಲಿ ಪ್ರಕಟವಾಯಿತು. 2013ರ ಏಪ್ರಿಲ್ 1ರಿಂದ ಅಲ್ಲಿ ಹೊಸ ನಿಯಮ ಬಂತು. ಒಂದು ಖರ್ಚು ಸಮಂಜಸವಾಗಿಯೇ, ಅಗತ್ಯವಾಗಿಯೇ ಆಗಿದ್ದರೂ ವ್ಯಾಜ್ಯದ ಗಾತ್ರಕ್ಕೆ ಹೊಂದದಿದ್ದರೆ ಅದನ್ನು ಕಡಿತಗೊಳಿಸಬಹುದು. ಯಶಸ್ಸಿನ ಶುಲ್ಕವನ್ನು ಸೋತವನಿಂದ ವಸೂಲು ಮಾಡುವ ಪದ್ಧತಿ ಬಹುತೇಕ ವ್ಯಾಜ್ಯಗಳಲ್ಲಿ ಅಂದೇ ನಿಂತಿತು. ಮಾನನಷ್ಟ ಮತ್ತು ಖಾಸಗಿತನದ ವ್ಯಾಜ್ಯಗಳಲ್ಲಿ 2019ರ ಏಪ್ರಿಲಿನಿಂದ ನಿಂತಿತು. 2023ರ ಅಕ್ಟೋಬರ್ 1ರಿಂದ ಒಂದು ಲಕ್ಷ ಪೌಂಡಿನವರೆಗಿನ ಬಹುಪಾಲು ದಾವೆಗಳಲ್ಲಿ ಸೋತವನು ಕೊಡಬೇಕಾದ ಖರ್ಚನ್ನು ಹಂತಹಂತಕ್ಕೂ ಮೊದಲೇ ಗೊತ್ತುಪಡಿಸಿದ ಕೋಷ್ಟಕದ ಪ್ರಕಾರ ನಿರ್ಧರಿಸಲಾಗುತ್ತದೆ. ನಮ್ಮವರು ಕೈ ತೋರಿಸುತ್ತಿರುವ ಮನೆಯ ಯಜಮಾನರೇ ಆ ಮನೆಯನ್ನು ಬಿಟ್ಟು, ನಮ್ಮ ತಂದೆಯವರ ಡಿಕ್ರಿಯ ಹಿಂದಿದ್ದಂಥ ಪಟ್ಟಿಯ ಕಡೆಗೆ ನಡೆದುಬರುತ್ತಿದ್ದಾರೆ!

ಅಲ್ಲಿಂದ ನಾವು ಕಲಿಯಬೇಕಾದ ಬೇರೆ ಸಂಗತಿಗಳೂ ಇವೆ. ಖರ್ಚಿನ ಲೆಕ್ಕ ನೋಡುವುದಕ್ಕೆಂದೇ ಅಲ್ಲಿ ಪ್ರತ್ಯೇಕ ನ್ಯಾಯಾಧೀಶರಿದ್ದಾರೆ. ಗೆದ್ದವನು ವಿವರವಾದ ಬಿಲ್ಲು ಸಲ್ಲಿಸಬೇಕು. ಯಾವ ದಿನ, ಯಾರು, ಏನು ಕೆಲಸ, ಎಷ್ಟು ಹೊತ್ತು ಎಂಬುದು ಅದರಲ್ಲಿರುತ್ತದೆ. ಸೋತವನಿಗೆ ಬಾಬ್ತು ಬಾಬ್ತಿಗೂ ಆಕ್ಷೇಪಣೆ ಸಲ್ಲಿಸಲು 21 ದಿನಗಳ ಅವಕಾಶವಿದೆ. ಸಾಮಾನ್ಯ ಕ್ರಮದ ಪರಿಶೀಲನೆಯಲ್ಲಿ ಒಂದು ಖರ್ಚು ಸಮಂಜಸವೋ ಅಲ್ಲವೋ ಎಂಬ ಸಂದೇಹ ಬಂದರೆ ಅದರ ಲಾಭ ಹಣ ಕೊಡುವವನಿಗೆ. ಇನ್ನು, ಕಕ್ಷಿದಾರನು ತನ್ನದೇ ವಕೀಲರ ಬಿಲ್ಲನ್ನು ಪ್ರಶ್ನಿಸಿದಾಗ ಅದರಲ್ಲಿ ಐದನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಕಡಿತವಾದರೆ ಆ ಪರಿಶೀಲನೆಯ ಖರ್ಚನ್ನು ಸಾಮಾನ್ಯವಾಗಿ ವಕೀಲರೇ ಭರಿಸಬೇಕೆಂದು 1974ರ ಕಾಯಿದೆ ಹೇಳುತ್ತದೆ. ಉಬ್ಬಿಸಿದ ಬಿಲ್ಲಿಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವುದಿದೆ?

ನಾನು ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಇಪ್ಪತ್ತೆರಡು ಬಾರಿ ಹೋಗಿದ್ದೇನೆ. ಎರಡು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದು, ಅಡಿಷನಲ್ ಶೀಟು ಪಡೆದು, ದಾರ ಕಟ್ಟಿದ ಹುಡುಗನಿಗೂ ನಾವು ಕೊಟ್ಟದ್ದು ಗರಿಷ್ಠ ಎರಡೇ ಅಂಕ. ಅವನು ಬೆವರು ಸುರಿಸಿದ್ದು ನಿಜ, ಶಾಯಿ ಖರ್ಚಾದದ್ದೂ ನಿಜ. ಆದರೆ ಅಂಕ ನಿಗದಿಯಾದದ್ದು ಪ್ರಶ್ನೆಯಿಂದ. ಎಂಟು ಅಡಿ ಓಣಿಯ ದಾವೆ ಎರಡು ಅಂಕದ ಪ್ರಶ್ನೆ. ಅದಕ್ಕೆ ಹನ್ನೆರಡು ಲಕ್ಷದ ಉತ್ತರ ಬರೆದವನ ಕೈಗೆ ಹನ್ನೆರಡು ಲಕ್ಷದ ಅಂಕಪಟ್ಟಿ ಕೊಡಲಾಗದು.

ಹಾಗಾದರೆ ಸುಳ್ಳು ದಾವೆ ಹೂಡುವವರನ್ನು ಏನು ಮಾಡಬೇಕು? ಇದು ಉತ್ತರಿಸಲೇಬೇಕಾದ ಪ್ರಶ್ನೆ. ಬಾಡಿಗೆದಾರನು ಮನೆ ಬಿಡದೆ ಇಪ್ಪತ್ತು ವರ್ಷ ಎಳೆದಾಡುವುದನ್ನು, ದಾಯಾದಿಯೊಬ್ಬನು ಖೋಟಾ ಕಾಗದ ಹುಟ್ಟಿಸಿ ವಿಧವೆಯ ಪಾಲನ್ನು ತಡೆಯುವುದನ್ನು ನಾನೂ ಕಂಡಿದ್ದೇನೆ. ಅಂಥವರಿಗೆ 3,000 ರೂಪಾಯಿಯ ಹೆದರಿಕೆ ಹೆದರಿಕೆಯೇ ಅಲ್ಲ. ಆ ಮಿತಿಯನ್ನು ಲಕ್ಷಕ್ಕೆ ಏರಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದು ಸುಳ್ಳಿಗೆ ವಿಧಿಸುವ ದಂಡ. ಸುಳ್ಳು ರುಜುವಾತಾಗಬೇಕು, ನ್ಯಾಯಾಧೀಶರು ಹಾಗೆಂದು ಬರೆಯಬೇಕು. ಗೆದ್ದವನ ಸಮಂಜಸ ಖರ್ಚನ್ನು ತುಂಬಿಕೊಡುವುದು ಎರಡನೆಯ ಮಾತು. ಅದೂ ಆಗಲಿ. ಗೆದ್ದವನ ಐಷಾರಾಮದ ಖರ್ಚು ಮೂರನೆಯದು. ಅದು ಅವನದೇ. ಈ ಮೂರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಸೋತವನ ತಲೆಗೆ ಹೊರಿಸುವುದೇ ನನ್ನ ವಿರೋಧಕ್ಕೆ ಕಾರಣ. ಸೋತವರೆಲ್ಲರೂ ಸುಳ್ಳರಲ್ಲ. ಮೂರು ನ್ಯಾಯಾಲಯಗಳು ಮೂರು ವಿಧವಾಗಿ ತೀರ್ಮಾನಿಸುವ ಪ್ರಶ್ನೆಗಳಿರುತ್ತವೆ. ಕ್ಯಾಂಪ್‌ಬೆಲ್ ಪ್ರಕರಣದಲ್ಲಿ ಲಾರ್ಡುಗಳೇ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನ್ಯಾಯಮೂರ್ತಿಗಳಿಗೇ ಒಮ್ಮತವಿಲ್ಲದ ವಿಷಯದಲ್ಲಿ ಕಕ್ಷಿದಾರನು ತನ್ನ ಸೋಲನ್ನು ಮೊದಲೇ ಅರಿಯಬೇಕಿತ್ತು ಎನ್ನುವುದು ಯಾವ ನ್ಯಾಯ?

ಸುಳ್ಳುಗಾರ ಶ್ರೀಮಂತನಾದರೆ ಈ ಅಸ್ತ್ರ ಅವನಿಗೆ ತಾಗುವುದೂ ಇಲ್ಲ. ಹನ್ನೆರಡು ಲಕ್ಷದ ಬೆದರಿಕೆ ಓಣಿಗೆ ಗೇಟು ಹಾಕಿದವರನ್ನು ಅಲುಗಿಸಲಾರದು. ಅಲುಗಿದವರು ಗೇಟಿನಾಚೆ ನಿಂತವರು.

ಇದು ಮುಂದೆ ಇನ್ನಷ್ಟು ಜನರ ಮನೆಬಾಗಿಲಿಗೆ ಬರಲಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ವಾಣಿಜ್ಯ ವ್ಯಾಜ್ಯಗಳ ಮಟ್ಟಿಗೆ 35ನೇ ಕಲಮನ್ನೇ ಬದಲಾಯಿಸಿ, ಸೋತವನು ಗೆದ್ದವನ ಖರ್ಚನ್ನು ಕೊಡುವುದೇ ಸಾಮಾನ್ಯ ನಿಯಮವೆಂದು ಬರೆಯಿತು. ಆಗ ಆ ಕಾಯಿದೆ ಅನ್ವಯವಾಗುತ್ತಿದ್ದುದು ಒಂದು ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ವ್ಯಾಜ್ಯಗಳಿಗೆ. ಕೋಟ್ಯಧಿಪತಿಗಳ ಜಗಳ, ನಮಗೇಕೆ ಎಂದು ಸುಮ್ಮನಿರಬಹುದಿತ್ತು. 2018ರ ತಿದ್ದುಪಡಿ ಆ ಗಡಿಯನ್ನು ಮೂರು ಲಕ್ಷಕ್ಕೆ ಇಳಿಸಿತು. ಮೂರು ಲಕ್ಷದ ಸರಕಿನ ಬಾಕಿಗಾಗಿ ಕೋರ್ಟಿಗೆ ಹೋಗುವ ಸಣ್ಣ ವ್ಯಾಪಾರಿಯೂ ಈಗ ಈ ನಿಯಮದ ಕೆಳಗೆ ಬರುತ್ತಾನೆ. ಅಲ್ಲಿಯೂ ಕಾಯಿದೆ ‘ಸಮಂಜಸ ಖರ್ಚು’ ಎಂದೇ ಹೇಳುತ್ತದೆ. ಆ ಒಂದು ಪದವನ್ನು ಯಾರು ಕಾಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅದನ್ನು ಕಾಯಬೇಕಾದರೆ ಏನು ಬೇಕು? ನನ್ನ ಬೇಡಿಕೆಗಳು ದೊಡ್ಡವಲ್ಲ. ಫೀಸಿನ ದರಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ, ದಾವೆ ಹೂಡುವ ದಿನವೇ ಎರಡೂ ಪಕ್ಷದವರಿಗೆ ‘ಸೋತರೆ ಹೆಚ್ಚೆಂದರೆ ಇಷ್ಟು’ ಎಂದು ತಿಳಿಯುವಂತಿರಬೇಕು. ದರಪಟ್ಟಿಗಿಂತ ಹೆಚ್ಚು ಕೇಳುವವನು ದಿನಾಂಕ ಸಹಿತ ವಿವರವಾದ ಲೆಕ್ಕವನ್ನು, ಹಣ ಸಂದಾಯವಾದ ರಸೀದಿಯನ್ನು ಹಾಜರುಪಡಿಸಬೇಕು. ಸೋತವನಿಗೆ ಅದರ ನಕಲು ಕೊಟ್ಟು, ಆಕ್ಷೇಪಿಸಲು ಅವಕಾಶವಿತ್ತು, ಆ ಬಳಿಕವೇ ಆದೇಶವಾಗಬೇಕು. ಆದೇಶದಲ್ಲಿ ಪ್ರತಿ ಬಾಬ್ತಿಗೂ ಒಂದು ಸಾಲಿನ ಕಾರಣವಾದರೂ ಇರಬೇಕು. ಕೊನೆಯದಾಗಿ, ಕೋರ್ಟು ಇನ್ನೂ ವಿಧಿಸದ ಖರ್ಚನ್ನು ತೋರಿಸಿ ಎದುರಾಳಿಯ ಮನೆಗೆ ಹೆದರಿಕೆಯ ಪತ್ರ ಕಳುಹಿಸುವುದನ್ನು ವಕೀಲ ವೃತ್ತಿಯ ಅಶಿಸ್ತೆಂದು ಪರಿಗಣಿಸಬೇಕು. ವಕೀಲರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಹಲವರಿದ್ದಾರೆ. ಬಡವರ ದಾವೆಯನ್ನು ಫೀಸಿಲ್ಲದೆ ನಡೆಸಿದವರೂ ಅವರಲ್ಲಿದ್ದಾರೆ. ಈ ಮಾತಿಗೆ ಅವರು ನನ್ನ ಮೇಲೆ ಮುನಿಯಲಾರರು.

ವ್ಯಾಜ್ಯದಲ್ಲಿ ಇರುವ ಓದುಗರಿಗೆ ಒಂದು ಸೂಚನೆ. ಎದುರು ಪಕ್ಷದವರು ಖರ್ಚಿನ ಪಟ್ಟಿ ಸಲ್ಲಿಸಿದರೆ ‘ಹೇಗೂ ಸೋತೆವು, ಇನ್ನೇನು’ ಎಂದು ಕೈಚೆಲ್ಲಬೇಡಿ. ನಕಲು ಕೇಳಿ. ದರಪಟ್ಟಿಯೊಡನೆ ಹೋಲಿಸಿ ನೋಡಿ. ಒಂದೇ ಕೆಲಸಕ್ಕೆ ಮೂವರು ವಕೀಲರ ಫೀಸಿದೆಯೇ, ವಾಯಿದೆ ಮುಂದಕ್ಕೆ ಹೋದ ದಿನಕ್ಕೂ ಪೂರ್ಣ ಫೀಸಿದೆಯೇ ಎಂದು ಪರೀಕ್ಷಿಸಿ. ನಿಮ್ಮ ವಕೀಲರ ಮೂಲಕ ಆಕ್ಷೇಪಣೆಯನ್ನು ಆದೇಶಕ್ಕೆ ಮುಂಚೆಯೇ ಬರಹದಲ್ಲಿ ಸಲ್ಲಿಸಿ. ಖರ್ಚಿನ ಪ್ರಶ್ನೆಯೊಂದನ್ನೇ ಹಿಡಿದು ಆಮೇಲೆ ಮೇಲ್ಮನವಿ ಹೋಗುವುದು ಸುಲಭವಲ್ಲ. 2011ರ ತೀರ್ಪನ್ನು ನ್ಯಾಯಾಧೀಶರ ಗಮನಕ್ಕೆ ತನ್ನಿರಿ. ಸೋಲನ್ನು ಒಪ್ಪುವುದು ಬೇರೆ, ಬಿಲ್ಲನ್ನು ಒಪ್ಪುವುದು ಬೇರೆ.

ಇದೆಲ್ಲವನ್ನೂ ನಾನು ಗಣಿತದ ಮೇಷ್ಟ್ರಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ‘ಅಂದರೆ, ನಾನು ಸೋತಿದ್ದರೂ ಆ ಹನ್ನೆರಡು ಲಕ್ಷ ಕೊಡಬೇಕಾಗಿ ಬರುತ್ತಿರಲಿಲ್ಲವೇ?’ ಎಂದರು. ನನಗೆ ತಿಳಿದಂತೆ, ಅಂಥ ದಾವೆಯಲ್ಲಿ ನಿಯಮದ ಪ್ರಕಾರ ಅದರ ಒಂದು ಸಣ್ಣ ಅಂಶವೂ ಬರುತ್ತಿರಲಿಲ್ಲ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನನಗೆ ಯಾರೂ ಹೇಳಲಿಲ್ಲವಲ್ಲ ಸ್ವಾಮೀ’ ಎಂದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಈಗ ಹಿಂದಿನ ಕಂದಕದ ಬದಿಯಿಂದ, ಇನ್ನೊಬ್ಬರ ಖಾಲಿ ನಿವೇಶನವನ್ನು ಹಾದು ಒಳಗೆ ಹೋಗಬೇಕು. ಮಂಡಿನೋವಿನ ಅವರ ಶ್ರೀಮತಿಯವರು ಗೋಡೆ ಹಿಡಿದು ನಡೆಯುತ್ತಾರೆ. ಜನರೇಟರಿನ ಸದ್ದಿನಲ್ಲಿ ನಾವು ಜೋರಾಗಿ ಮಾತಾಡಬೇಕಾಯಿತು. ನಾನು ತಂದೆಯವರ ಡಿಕ್ರಿಯ ಜೆರಾಕ್ಸ್ ಪ್ರತಿಯೊಂದನ್ನು ಒಯ್ದಿದ್ದೆ. ಅವರು ಕನ್ನಡಕ ಹಾಕಿಕೊಂಡು ಆ 62 ರೂಪಾಯಿ 40 ನಯೇಪೈಸೆಯ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಕೂಡಿ ನೋಡಿ, ‘ಮೊತ್ತ ಸರಿಯಾಗಿದೆ’ ಎಂದರು.